ಡಿಪೋ ಗುಂಡಿ ಎಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಯಾವುದು ಎಲ್ಲಿರಬೇಕು, ಯಾವ ಗುಂಡಿ ಎಷ್ಟು ದೊಡ್ಡದಿರಬೇಕು ಎಂದು ಯೋಚಿಸುವುದು ನನ್ನ ಕಸುಬು. ಹಾಗಾಗಿ ಟ್ಯಾಬ್ಲೆಟ್ ಕೊಳ್ಳಲು ಹೊರಟ ನೆಂಟರಿಷ್ಟರು ಮೊದಲು ನನಗೇ ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನಾವಳಿ: ಮೆಮೊರಿ ಎಷ್ಟು ಜಿಬಿ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ? ನಾನು ಸಮಾಧಾನದಿಂದಲೇ ಉತ್ತರಿಸುತ್ತೇನೆ, ಆದರೆ ಒಳಗೊಳಗೇ ಚಡಪಡಿಸುತ್ತಿರುತ್ತೇನೆ. ಬಾಡಿಗೆಗೆ ಮನೆ ನೋಡಲು ಹೋದವರು ಗೋಡೆಯ ಇಟ್ಟಿಗೆ ಎಣಿಸುತ್ತಾರೆಯೇ? ಬಾಗಿಲು ಎಲ್ಲಿದೆ, ಬಚ್ಚಲು ಎಲ್ಲಿದೆ ಎಂದು ನೋಡುತ್ತಾರೆ. ಟ್ಯಾಬ್ಲೆಟ್‌ನಲ್ಲೂ ನೋಡಬೇಕಾದದ್ದು ಬಾಗಿಲನ್ನೇ.

ನನ್ನ ಪ್ರಶ್ನೆ ಒಂದೇ. ಒಳಗೆಲ್ಲೋ ದಾರಿ ತಪ್ಪಿದಾಗ ಮೊದಲಿನ ಜಾಗಕ್ಕೆ ಮರಳುವ ಗುಂಡಿ ಕಣ್ಣಿಗೆ ಕಾಣುತ್ತದೆಯೇ? ಕಾಣುತ್ತದೆಯೇ ಎಂದು ಕೇಳುತ್ತಿದ್ದೇನೆ, ಇದೆಯೇ ಎಂದಲ್ಲ. ಏಕೆಂದರೆ ಎಲ್ಲ ಟ್ಯಾಬ್ಲೆಟ್‌ಗಳಲ್ಲೂ ಅದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

2010ರ ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯೊಂದರಲ್ಲಿ ಆ್ಯಪಲ್ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಸೋಫಾದ ಮೇಲೆ ಆರಾಮಾಗಿ ಕುಳಿತು ಮೊದಲ ಐಪ್ಯಾಡ್ ತೋರಿಸಿದರು. ಅದರ ಮುಖದ ಮೇಲೆ ಇದ್ದದ್ದು ಒಂದೇ ಒಂದು ದುಂಡನೆಯ ಗುಂಡಿ. ಪತ್ರಿಕೆ ಓದುತ್ತಿರಿ, ಫೋಟೋ ನೋಡುತ್ತಿರಿ, ಯಾವುದೋ ಪುಟದಲ್ಲಿ ಸಿಕ್ಕಿಕೊಂಡಿರಿ, ಅದನ್ನು ಒತ್ತಿದರೆ ಚಿತ್ರಗಳ ಸಾಲು ಇರುವ ಮೊದಲ ಪರದೆ ಬರುತ್ತಿತ್ತು. ನಮ್ಮ ತೊಟ್ಟಿ ಮನೆಗಳ ಹಾಗೆ; ಯಾವ ಕೋಣೆಯಿಂದ ಹೊರಬಂದರೂ ನಡುವಿನ ತೊಟ್ಟಿಗೇ ಬರುತ್ತೀರಿ. ಕತ್ತಲಲ್ಲಿ ತಡಕಿದರೂ ಕೈಗೆ ಸಿಗುವ ಗುಂಡಿ ಅದು.

ಮರುವರ್ಷ ಫೆಬ್ರವರಿಯಲ್ಲಿ ಗೂಗಲ್ ಟ್ಯಾಬ್ಲೆಟ್‌ಗಳಿಗೆಂದೇ ತನ್ನ ಆಂಡ್ರಾಯ್ಡ್ ತಂತ್ರಾಂಶದ ಹನಿಕೋಂಬ್ ಎಂಬ ಆವೃತ್ತಿ ತಂದಿತು. ಮೋಟೊರೋಲಾದ ಜೂಮ್ ಎಂಬ ಟ್ಯಾಬ್ಲೆಟ್‌ನಲ್ಲಿ ಅದು ಮೊದಲು ಬಂದಿತು. ಅಲ್ಲಿ ಒತ್ತುವ ಗುಂಡಿ ಹೋಗಿ, ಪರದೆಯ ಕೆಳಗಿನ ಎಡಮೂಲೆಯಲ್ಲಿ ಮೂರು ಚಿಹ್ನೆಗಳು ಸದಾ ಹೊಳೆಯುತ್ತಿದ್ದವು: ಒಂದು ಹೆಜ್ಜೆ ಹಿಂದಕ್ಕೆ, ನೇರ ಮನೆಗೆ ಎಂದರೆ ಮೊದಲ ಪರದೆಗೆ, ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿ. ಎರಡೂ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದರೆ ಎಡಗೈ ಹೆಬ್ಬೆರಳು ತಾನಾಗಿ ಹೋಗಿ ಕೂರುವ ಜಾಗವೇ ಅದು. ಐಪ್ಯಾಡ್‌ನಲ್ಲಿ ಆಗ ಒಂದು ಹೆಜ್ಜೆ ಹಿಂದೆ ಹೋಗಬೇಕಾದರೆ ಪರದೆಯ ಮೇಲಿನ ಎಡಮೂಲೆಗೆ ಕೈ ಎತ್ತಬೇಕಿತ್ತು, ಅಲ್ಲಿರುವ ಪದವೂ ಆ್ಯಪ್‌ನಿಂದ ಆ್ಯಪ್‌ಗೆ ಬದಲಾಗುತ್ತಿತ್ತು. ಈ ಒಂದು ವಿಷಯದಲ್ಲಿ ನನ್ನ ಮತ ಆಂಡ್ರಾಯ್ಡ್‌ಗೆ.

ಈಗ ನನ್ನ ಸೋದರಮಾವನ ಕಥೆ ಹೇಳಬೇಕು. ಅದನ್ನು ಹೇಳದೆ ನನ್ನ ಮಾತು ನಿಮಗೆ ತಲುಪುವುದಿಲ್ಲ.

ಮಾವ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ತಿಪಟೂರಿನ ಬಳಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಮಗಳು ದೂರದೇಶದಲ್ಲಿರುವುದರಿಂದ ಮೊಮ್ಮಗುವಿನ ಮುಖ ನೋಡಲೆಂದು ಅವಳೇ ಒಂದು ಟ್ಯಾಬ್ಲೆಟ್ ಕಳುಹಿಸಿದಳು. ಅದರ ಕೆಳಗೊಂದು ಗುಂಡಿ ಇತ್ತು. ಕಲಿಸಲೆಂದು ನಾನು ಎರಡು ದಿನ ರಜೆ ಹಾಕಿ ಹೋದೆ. ಒಂದು ಸಂಜೆ ಸಾಕಾಯಿತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಮಾವ ಜಗಲಿಯ ಮೇಲೆ ಕುಳಿತು ನಕ್ಷೆಯ ಆ್ಯಪ್ ತೆರೆದಿದ್ದಾರೆ. ತಾವು ವರ್ಷಗಟ್ಟಲೆ ಓಡಾಡಿದ ಮಾರ್ಗದ ಮೇಲೆ ಬೆರಳಿಟ್ಟು ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಎಂದು ಒಂದೊಂದೇ ನಿಲ್ದಾಣದ ಹೆಸರು ಹೇಳುತ್ತಾ ಶಿವಮೊಗ್ಗದವರೆಗೆ ಹೋಗುತ್ತಿದ್ದಾರೆ. ನಡುವೆ ಬೆರಳು ಎಲ್ಲೋ ತಾಗಿ ಏನೋ ತೆರೆದುಕೊಂಡಿತು. ಮಾವ ಕ್ಷಣವೂ ತಡೆಯದೆ ಕೆಳಗಿನ ಗುಂಡಿ ಒತ್ತಿದರು. "ಡಿಪೋಗೆ ಬಂದೆ. ಇನ್ನೊಂದು ಟ್ರಿಪ್ ಹೊರಡೋಣ" ಎಂದರು.

ಡಿಪೋ! ಎಷ್ಟೋ ವರ್ಷ ಈ ಕಸುಬು ಮಾಡಿದ ನನಗೆ ಹೋಮ್ ಬಟನ್ನಿಗೆ ಅಷ್ಟು ಸರಿಯಾದ ಹೆಸರು ಹೊಳೆದಿರಲಿಲ್ಲ. ಬಸ್ಸು ಎಲ್ಲಿಗೇ ಹೋಗಲಿ, ಕೆಟ್ಟು ನಿಲ್ಲಲಿ, ದಾರಿ ಬದಲಿಸಲಿ, ರಾತ್ರಿಗೆ ಮರಳುವ ಜಾಗವೊಂದಿದೆ ಎಂಬ ಧೈರ್ಯ ಆ ಪದದಲ್ಲಿದೆ. ಆ ಧೈರ್ಯದಿಂದಲೇ ಮಾವ ಎರಡು ತಿಂಗಳಲ್ಲಿ ತೆಂಗಿನ ಗರಿರೋಗದ ವಿಡಿಯೋಗಳನ್ನು ಹುಡುಕಿದರು, ಹಳೆಯ ನಾಟಕದ ಹಾಡುಗಳನ್ನು ಕೇಳಿದರು, ಯಾರೂ ಹೇಳಿಕೊಡದೆ ಫೋಟೋ ಕತ್ತರಿಸಲು ಕಲಿತರು.

ಕೆಲವು ವರ್ಷಗಳ ಮೇಲೆ ಆ ಟ್ಯಾಬ್ಲೆಟ್ ಕೈತಪ್ಪಿ ಬಿದ್ದು ಗಾಜು ಒಡೆಯಿತು. ಮಗಳು ಇನ್ನೂ ದೊಡ್ಡದು, ಇನ್ನೂ ದುಬಾರಿಯದು ಕಳುಹಿಸಿದಳು. ಯಾವ ಕಂಪನಿಯದೆಂದು ಹೇಳುವುದಿಲ್ಲ, ಈಗ ಎಲ್ಲರೂ ಮಾಡುವುದೇ ಹಾಗೆ. ಮುಖದ ತುಂಬ ಗಾಜು, ಒಂದು ಗುಂಡಿಯೂ ಇಲ್ಲ, ಒಂದು ಗುರುತೂ ಇಲ್ಲ. ಮಾವನಿಂದ ಫೋನ್ ಬಂತು: "ಇದರಲ್ಲಿ ಡಿಪೋ ಎಲ್ಲಿದೆ?" ಕೆಳಗಿನ ಅಂಚಿನಿಂದ ಬೆರಳನ್ನು ಮೇಲಕ್ಕೆ ಜಾರಿಸಿ ಎಂದೆ. ಮೆಲ್ಲಗೆ ಜಾರಿಸಿದರು, ತೆರೆದ ಆ್ಯಪ್‌ಗಳೆಲ್ಲ ಇಸ್ಪೀಟ್ ಎಲೆಗಳ ಹಾಗೆ ಹರಡಿಕೊಂಡವು. ಸ್ವಲ್ಪವೇ ಜಾರಿಸಿದರು, ಕೆಳಗೊಂದು ಚಿತ್ರಗಳ ಸಾಲು ಎದ್ದಿತು. ಒಂದೇ ಬೆರಳು, ಒಂದೇ ಅಂಚು, ವೇಗವೋ ದೂರವೋ ಬದಲಾದರೆ ಫಲ ಬೇರೆ. ಕಾಯಿ ಸುಲಿದು ಒರಟಾದ ಬೆರಳು ಅದರ ಲೆಕ್ಕ ಹಿಡಿಯುವುದು ಹೇಗೆ? ತಾನೇನೋ ಕೆಡಿಸಿಬಿಟ್ಟೆ ಎಂದು ಮಾವನಿಗೆ ಅನ್ನಿಸಿತು.

ಗೌರಿ ಹಬ್ಬಕ್ಕೆ ಹೋದಾಗ ಟ್ಯಾಬ್ಲೆಟ್ ಬೀರುವಿನ ಮೇಲೆ ಟವೆಲ್ ಸುತ್ತಿಕೊಂಡು ಕುಳಿತಿತ್ತು. ಕೆಳಗಿಳಿಸಿ, ನನ್ನೆದುರು ಬಳಸಿ ತೋರಿಸಿ ಎಂದೆ. ಮಗಳೊಂದಿಗೆ ಮಾತಾಡಿ ಮುಗಿಸಿದ ಮಾವ ಟ್ಯಾಬ್ಲೆಟ್ಟನ್ನು ಪೂರ್ತಿ ಆರಿಸಿ, ಮತ್ತೆ ಹೊತ್ತಿಸಿ, ಅದು ಏಳುವವರೆಗೆ ಕಾದು ಕುಳಿತರು. ಮೊದಲ ಪರದೆಗೆ ಬರಲು ಅವರು ಕಂಡುಕೊಂಡ ದಾರಿ ಅದೊಂದೇ. ನಕ್ಷೆ ತೆರೆದು ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದ ಮನುಷ್ಯ ಒಂದು ಕರೆ ಮುಗಿದರೆ ಸಾಕೆಂದು ಕೈ ಕಟ್ಟಿ ಕೂರುತ್ತಿದ್ದರು. ಕಲಿಯುವ ಬುದ್ಧಿ ಅದೇ ಇತ್ತು, ಕುತೂಹಲ ಅದೇ ಇತ್ತು. ಗುಂಡಿಯ ಜೊತೆಗೆ ಧೈರ್ಯ ಹೋಗಿತ್ತು. ನನಗೆ ನನ್ನ ವೃತ್ತಿಯ ಮೇಲೆಯೇ ಸಿಟ್ಟು ಬಂದ ದಿನ ಅದು.

ಈ ತಪ್ಪನ್ನು ದೊಡ್ಡ ಕಂಪನಿಗಳೂ ಮಾಡಿವೆ. 2012ರ ಅಕ್ಟೋಬರ್ 26ರಂದು ಮೈಕ್ರೋಸಾಫ್ಟ್ ವಿಂಡೋಸ್ 8 ಮತ್ತು ಸರ್ಫೇಸ್ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಬಣ್ಣಬಣ್ಣದ ಚೌಕಗಳಿದ್ದ ಆ ಮೊದಲ ಪರದೆ ನಿಜಕ್ಕೂ ಸುಂದರ. ಅಂತಹ ಹೊಸತನ ಆಗ ಐಪ್ಯಾಡ್‌ನಲ್ಲೂ ಇರಲಿಲ್ಲ. ಆದರೆ ಬೇಕಾದದ್ದನ್ನೆಲ್ಲ ಅಂಚುಗಳಲ್ಲಿ ಅಡಗಿಸಿಟ್ಟಿದ್ದರು. ಬಲಗಡೆಯಿಂದ ಎಳೆದರೆ ಐದು ಚಿಹ್ನೆಗಳ ಪಟ್ಟಿ, ಎಡದಿಂದ ಎಳೆದರೆ ಬೇರೆ ಆ್ಯಪ್, ಮೇಲಿನಿಂದ ಕೆಳಗಿನವರೆಗೆ ಎಳೆದರೆ ಆ್ಯಪ್ ಮುಚ್ಚುತ್ತಿತ್ತು. ಇದನ್ನು ಯಾರಾದರೂ ಹೇಳಿಕೊಡದೆ ತಿಳಿಯುವುದು ಹೇಗೆ? ಕೋಟ್ಯಂತರ ಜನರಿಗೆ ರೂಢಿಯಾಗಿದ್ದ ಸ್ಟಾರ್ಟ್ ಗುಂಡಿಯನ್ನೂ ತೆಗೆದುಹಾಕಿದ್ದರು. ಒಂದೇ ವರ್ಷದಲ್ಲಿ, 2013ರ ಅಕ್ಟೋಬರ್‌ನಲ್ಲಿ ಬಂದ 8.1ರಲ್ಲಿ ಆ ಗುಂಡಿ ತನ್ನ ಮೂಲೆಗೆ ಮರಳಿತು.

ಇನ್ನೊಂದನ್ನು ನೆನೆಯದೆ ಮುಂದೆ ಹೋಗಲಾರೆ. ಎಚ್‌ಪಿಯ ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ 2011ರ ಜುಲೈ 1ರಂದು ಮಾರುಕಟ್ಟೆಗೆ ಬಂದು 49 ದಿನಗಳಲ್ಲಿ ಕೊನೆಗೊಂಡಿತು. ತೆರೆದ ಆ್ಯಪ್‌ಗಳನ್ನು ಕಾರ್ಡುಗಳಂತೆ ಸಾಲಾಗಿ ಹರಡಿ, ಬೇಡವಾದದ್ದನ್ನು ಬೆರಳಿನಿಂದ ಮೇಲಕ್ಕೆ ಚಿಮ್ಮಿಸುವ ಅದರ ಪದ್ಧತಿ ಇಂದು ಐಪ್ಯಾಡ್, ಆಂಡ್ರಾಯ್ಡ್ ಎರಡರಲ್ಲೂ ಇದೆ. ಅದನ್ನು ನಡೆಸುತ್ತಿದ್ದ ವೆಬ್‌ಓಎಸ್ ಎಂಬ ತಂತ್ರಾಂಶದ ಪರದೆಗಳನ್ನು ರೂಪಿಸಿದವರಲ್ಲಿ ಪ್ರಮುಖರಾದ ಮಟಿಯಾಸ್ ಡುವಾರ್ಟೆ ಅವರೇ ಗೂಗಲ್ ಸೇರಿ ಹನಿಕೋಂಬ್‌ನ ವಿನ್ಯಾಸ ಮಾಡಿದರು. ಕಾರ್ಡುಗಳಷ್ಟೇ ಮುಖ್ಯವಾದ ಒಂದು ಸಂಗತಿ ಟಚ್‌ಪ್ಯಾಡ್‌ನಲ್ಲಿತ್ತು: ಮುಖದ ಮೇಲೆ ಒಂದು ಗುಂಡಿ!

ಸಮಯ ಓಡುತ್ತಿದೆ, ಈಗಿನ ಸ್ಥಿತಿಯನ್ನು ಬೇಗ ಹೇಳಿಬಿಡುತ್ತೇನೆ. ಆ್ಯಪಲ್ 2018ರ ಐಪ್ಯಾಡ್ ಪ್ರೋದಿಂದ ಗುಂಡಿ ತೆಗೆಯಲು ಆರಂಭಿಸಿತು. ಇಂದು ಹೊಸದಾಗಿ ಮಾರುವ ಯಾವ ಐಪ್ಯಾಡ್‌ನಲ್ಲೂ ಅದು ಇಲ್ಲ. 2019ರ ಆಂಡ್ರಾಯ್ಡ್ 10ರಲ್ಲಿ ಮೂರು ಚಿಹ್ನೆಗಳ ಬದಲು ಅಂಚಿನಿಂದ ಬೆರಳು ಜಾರಿಸುವ ಪದ್ಧತಿ ಬಂತು. ಒಂದಕ್ಕಿಂತ ಹೆಚ್ಚು ಆ್ಯಪ್‌ಗಳನ್ನು ಪಕ್ಕಪಕ್ಕದಲ್ಲಿ ತೆರೆಯುವ ಸೌಲಭ್ಯ ಎರಡರಲ್ಲೂ ಇದೆ. 2025ರಲ್ಲಿ ಬಂದ ಐಪ್ಯಾಡ್‌ಓಎಸ್ 26 ಎಂಬ ಐಪ್ಯಾಡ್ ತಂತ್ರಾಂಶದಲ್ಲಂತೂ ಮ್ಯಾಕ್ ಕಂಪ್ಯೂಟರ್‌ನಲ್ಲಿರುವಂತೆ ಮೂಲೆಯಲ್ಲಿ ಕೆಂಪು, ಹಳದಿ, ಹಸಿರು ಗುಂಡಿಗಳಿರುವ ಕಿಟಕಿಗಳೇ ಬಂದಿವೆ. ಮುಚ್ಚುವ ಗುಂಡಿ ಮತ್ತೆ ಕಣ್ಣಿಗೆ ಕಂಡಿತಲ್ಲ ಎಂದು ನಾನು ಸಂತೋಷಪಟ್ಟೆ. ಕನ್ನಡದ ಬಗ್ಗೆಯೂ ಒಂದು ಮಾತು: 2014ರ ಆಂಡ್ರಾಯ್ಡ್ 5ರಿಂದಲೇ ಇಡೀ ಪರದೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಮನೆಯ ಹಿರಿಯರಿಗೆ ಕೊಡುವ ಮೊದಲು ಅದನ್ನು ಮಾಡಿ.

ಈಗ ಪೆನ್ನು, ಕಾಗದ ತೆಗೆದುಕೊಳ್ಳಿ. ಮಾವನ ಟ್ಯಾಬ್ಲೆಟ್‌ನಲ್ಲಿ ಆ ಗೌರಿ ಹಬ್ಬದ ದಿನ ನಾನು ಮಾಡಿದ್ದು ಇಷ್ಟೇ, ಸೆಟ್ಟಿಂಗ್ಸ್ ಒಳಗೆ ಅಡಗಿದ್ದ ಗುಂಡಿಯನ್ನು ಹೊರಗೆ ತಂದೆ. ನೀವೂ ತರಬಹುದು.

ಆಂಡ್ರಾಯ್ಡ್ ಇದ್ದವರು ಬರೆದುಕೊಳ್ಳಿ: ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಂ, ಅದರೊಳಗೆ ಜೆಸ್ಚರ್ಸ್, ಅಲ್ಲಿ ನ್ಯಾವಿಗೇಷನ್ ಮೋಡ್, ಕೊನೆಗೆ ಥ್ರೀ ಬಟನ್ ನ್ಯಾವಿಗೇಷನ್. ಸ್ಯಾಮ್‌ಸಂಗ್ ಇದ್ದವರಿಗೆ ದಾರಿ ಸ್ವಲ್ಪ ಬೇರೆ: ಸೆಟ್ಟಿಂಗ್ಸ್, ಡಿಸ್‌ಪ್ಲೇ, ನ್ಯಾವಿಗೇಷನ್ ಬಾರ್, ಬಟನ್ಸ್. ಐಪ್ಯಾಡ್ ಇದ್ದವರು ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಟಚ್, ಅಸಿಸ್ಟಿವ್ ಟಚ್ ಎಂದು ಹೋಗಿ ಅದನ್ನು ಆನ್ ಮಾಡಿ. ಪರದೆಯ ಮೇಲೆ ತೇಲುವ ದುಂಡನೆಯ ಗುಂಡಿಯೊಂದು ಬರುತ್ತದೆ. ಅದೇ ಪುಟದಲ್ಲಿ ಸಿಂಗಲ್ ಟ್ಯಾಪ್ ಎಂಬಲ್ಲಿ ಹೋಮ್ ಆರಿಸಿಕೊಂಡರೆ ಒಂದೇ ಒತ್ತಿಗೆ ಮನೆ.

ಅಂಗಡಿಗೆ ಹೋಗುವವರು ಟ್ಯಾಬ್ಲೆಟ್ಟನ್ನು ಕೈಗೆತ್ತಿಕೊಂಡು ಯಾವುದಾದರೊಂದು ಆ್ಯಪ್ ತೆರೆಯಿರಿ, ಅದರೊಳಗೆ ಮೂರು ಹೆಜ್ಜೆ ಹೋಗಿ. ಅಲ್ಲಿಂದ ಅದನ್ನು ನಿಮ್ಮ ಜೊತೆ ಬಂದ ತಾಯಿಯ ಕೈಗೋ ತಂದೆಯ ಕೈಗೋ ಕೊಟ್ಟು, ಮೊದಲಿನ ಪರದೆಗೆ ಹೋಗಿ ಎಂದು ಹೇಳಿ ಸುಮ್ಮನೆ ನಿಲ್ಲಿ. ಅಂಗಡಿಯವರನ್ನೂ ಸುಮ್ಮನಿರಲು ಹೇಳಿ.

ಮಾವ ಮೊನ್ನೆ ಫೋನ್ ಮಾಡಿದ್ದರು. ನಕ್ಷೆಯಲ್ಲಿ ಶಿವಮೊಗ್ಗ ದಾಟಿ ಸಾಗರದವರೆಗೆ ಹೋಗಿ ಬಂದರಂತೆ.

ನಮಸ್ಕಾರ.