ಅಸಲ್ ಊರು ಯಾವುದು?

ನಮಸ್ಕಾರ್ರೀ ಎಲ್ಲರಿಗೂ. ಇವತ್ತು ಒಂದು ಗಿಡದ ಬಗ್ಗೆ ಮಾತಾಡೋಣ. ಗಿಡ ಅಂದೆ, ಆದರೆ ಅಲ್ಲಿ ಆಡುತ್ತಿದ್ದ ಹುಡುಗರನ್ನೂ ಸೇರಿಸಿಕೊಂಡು ಏಳು ಮಂದಿ ಅದರ ಬುಡದ ಸುತ್ತ ಕೈ ಕೈ ಹಿಡಿದು ನಿಂತೆವು, ಇನ್ನೂ ಜಾಗ ಉಳಿದಿತ್ತು. ನಮ್ಮ ಹುಬ್ಬಳ್ಳಿ ಕಡೆ ಹಾಗೇ ಅಲ್ವಾ, ಆಕಾಶ ಮುಟ್ಟಿದರೂ ಅದು ಗಿಡವೇ. 'ಮರ' ಅನ್ನೋದು ಶಾಲೆ ಪುಸ್ತಕದ ಮಾತು.

ಊರು ಸವಣೂರು, ಹಾವೇರಿ ಜಿಲ್ಲೆ. ಸವಣೂರು ಅಂದರೆ ನಮಗೆ ಮೊದಲು ನೆನಪಾಗುವುದು ಖಾರ, ಆಮೇಲೆ ವೀಳ್ಯದೆಲೆ. ಸಾಹಿತ್ಯ ಓದುವವರಿಗೆ ವಿ. ಕೃ. ಗೋಕಾಕರ ಹುಟ್ಟೂರು. ಅಲ್ಲಿ ದೊಡ್ಡಹುಣಸೆ ಕಲ್ಮಠ ಅಂತ ಒಂದು ಮಠ ಇದೆ. ಅದರ ಅಂಗಳದಲ್ಲಿ ಮೂರು ಮರಗಳಿವೆ, ಜನ ಅವನ್ನು 'ದೊಡ್ಡ ಹುಣಸೆ' ಅನ್ನುತ್ತಾರೆ, ಸಾರಿಗೆ ಹಾಕುವ ಹುಣಸೆ ಅಲ್ಲ. ಹೋದ ಬೇಸಿಗೆಯಲ್ಲಿ ಒಬ್ಬ ಗೆಳೆಯನನ್ನು ಕರೆದುಕೊಂಡು ನೋಡೋಕೆ ಹೋಗಿದ್ದೆ. ಗೆಳೆಯ ಉತ್ತರ ಕನ್ನಡದ ಹಳಿಯಾಳ ಕಡೆಯವನು, ಸಿದ್ದಿ ಸಮುದಾಯದವನು. ಅಂದರೆ ಹಿಂದೆ ಯಾವ ಕಾಲಕ್ಕೋ ಆಫ್ರಿಕಾದಿಂದ ಬಂದವರ ವಂಶದವನು. ಧಾರವಾಡದಲ್ಲಿ ಓದಿದವನು. ಅವನ ಕನ್ನಡ ನನ್ನ ಕನ್ನಡಕ್ಕಿಂತ ಛಲೋ ಇದೆ.

ನೆರಳಲ್ಲಿ ಒಬ್ಬ ಅಜ್ಜ ಕೂತಿದ್ದರು. ನೆರಳು ಅಂದರೆ ಎಲೆಯ ನೆರಳಲ್ಲ. ಬೇಸಿಗೆಯಲ್ಲಿ ಈ ಮರಕ್ಕೆ ಎಲೆಯೇ ಇರುವುದಿಲ್ಲ. ಬೊಡ್ಡೆಯ ನೆರಳು. ಅಜ್ಜ ನನ್ನ ಗೆಳೆಯನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ನನ್ನನ್ನು ಕೇಳಿದರು: "ಯಾವ ದೇಶದವರ್ರೀ ಇವ್ರು?"

ಗೆಳೆಯನೇ ಉತ್ತರ ಕೊಟ್ಟ. "ಅಜ್ಜಾರ, ನಾ ಹಳಿಯಾಳದಾಂವರೀ."

"ಅದು ಖರೆ ಬಿಡಪಾ. ಅಸಲ್ ಊರು ಯಾವುದು?"

"ಅಸಲ್ ಊರೂ ಹಳಿಯಾಳನ ರೀ. ಈ ಗಿಡದ್ದು ಅಸಲ್ ಊರು ಯಾವುದ್ರೀ?"

"ಇದು ದ್ವಾಪರದ್ದಪಾ. ಕೃಷ್ಣ ಪರಮಾತ್ಮ ತಂದು ಹಚ್ಚಿದ್ದು."

"ಎಲ್ಲಿಂದ ತಂದಿದ್ನಂತರೀ?"

ಅಜ್ಜ ಒಂದು ಕ್ಷಣ ಸುಮ್ಮನಾದರು. ಆಮೇಲೆ ಮೆತ್ತಗೆ ಹೇಳಿದರು: "ಆಫ್ರಿಕಾದಿಂದ ಅಂತಾರ." ಅಂದವರೇ ತಾವೇ ನಕ್ಕುಬಿಟ್ಟರು. ಗೆಳೆಯನೂ ನಕ್ಕ. ಒಳ್ಳೆಯ ಮನುಷ್ಯ ಆ ಅಜ್ಜ, ಅವರ ಮೇಲೆ ನನ್ನ ದೂರಿಲ್ಲ. ಆದರೆ ಆ 'ಅಸಲ್ ಊರು' ಅನ್ನುವ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ಮೊದಲು ಮರದ ವಿಷಯ. ಇಂಗ್ಲಿಷಿನವರು ಇದನ್ನು ಬಾವೋಬಾಬ್ ಅನ್ನುತ್ತಾರೆ. ಶಾಸ್ತ್ರೀಯ ಹೆಸರು ಅಡನ್ಸೋನಿಯಾ ಡಿಜಿಟಾಟಾ. ಹುಣಸೆ ಅನ್ನುವ ಹೆಸರು ಬಂದದ್ದು ಹಣ್ಣಿನ ಹುಳಿಯಿಂದ. ಗಟ್ಟಿ ಓಡಿನೊಳಗೆ ಸೀಮೆಸುಣ್ಣದ ಹಾಗೆ ಬಿಳಿ ತಿರುಳು, ಬಾಯಿಗೆ ಹಾಕಿದರೆ ಕರಗುತ್ತದೆ. ಹುಣಸೆಗೂ ಇದಕ್ಕೂ ನೆಂಟಸ್ತಿಕೆ ಅಷ್ಟೇ, ಬಾಯಿರುಚಿಯದ್ದು. ಕುಲ ನೋಡಿದರೆ ಹುಣಸೆ ತೊಗರಿ-ಶೇಂಗಾದ ಕಡೆಯದು. ದೊಡ್ಡ ಹುಣಸೆಯ ಬಳಗ ಬೇರೆ: ಬೂರುಗ, ಬೆಂಡೆ, ಹತ್ತಿ. ಸವಣೂರಿನ ಸುತ್ತಲ ಎರೆಹೊಲದಲ್ಲಿ ಹತ್ತಿ ನಿಂತಿರುತ್ತದಲ್ಲ, ಅದು ಈ ಮಹಾಮರದ ದಾಯಾದಿ. ಇದು ಗೊತ್ತಾದ ದಿನ ನನಗೆ ಬೆಂಡೆಕಾಯಿ ಪಲ್ಯದ ಮೇಲೆ ಒಂದಿಷ್ಟು ಗೌರವ ಬಂತು.

ಎಲೆ ಉದುರಿದಾಗ ನೋಡಬೇಕು ಇದನ್ನು. ಬೊಡ್ಡೆ ಗಡಿಗೆಯ ಹಾಗೆ ಉಬ್ಬಿರುತ್ತದೆ. ಮೇಲೆ ಗಿಡ್ಡ ಗಿಡ್ಡ ಕೊಂಬೆಗಳು ಬೇರಿನ ಹಾಗೆ ಹರಡಿಕೊಂಡಿರುತ್ತವೆ. ಯಾರೋ ಕಿತ್ತು ತಲೆಕೆಳಗಾಗಿ ನೆಟ್ಟ ಹಾಗೆ. ಆಫ್ರಿಕಾದ ಜನರೂ ಅದೇ ಕಥೆ ಹೇಳುತ್ತಾರೆ, ದೇವರಿಗೆ ಸಿಟ್ಟು ಬಂದು ತಿರುಗಿಸಿ ನೆಟ್ಟ ಅಂತ. ಹಸಿ ಬೊಡ್ಡೆಯಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಒಂದು ನಮೂನೆ ಸ್ಪಂಜು. ಇದರಿಂದ ಬಾಗಿಲು ಆಗದು, ನೇಗಿಲು ಆಗದು, ಒಲೆಗೆ ಹಾಕಿದರೆ ಹೊಗೆ ಬಿಟ್ಟು ಬೇರೇನೂ ಬರದು. ಸವಣೂರಿನ ಮೂರೂ ಇಷ್ಟು ಕಾಲ ಉಳಿದದ್ದಕ್ಕೆ ಭಕ್ತಿ ಎಷ್ಟು ಕಾರಣವೋ ಈ ಕೆಲಸಕ್ಕೆ ಬಾರದ ಕಟ್ಟಿಗೆಯೂ ಅಷ್ಟೇ ಕಾರಣ ಅಂತ ನನ್ನ ಅನಿಸಿಕೆ. ತೇಗವಾಗಿದ್ದರೆ ಯಾವ ಕಾಲಕ್ಕೋ ಯಾರದೋ ವಾಡೆಯ ತೊಲೆಯಾಗಿರುತ್ತಿತ್ತು.

ಹೂವಿನ ಸಂಗತಿ ಹೇಳಲೇಬೇಕು. ಅಂಗೈಯಷ್ಟು ದೊಡ್ಡ ಬಿಳಿ ಹೂವು, ತಲೆ ಕೆಳಗೆ ಮಾಡಿ ಜೋತು ಬಿದ್ದಿರುತ್ತದೆ. ಹೊತ್ತು ಮುಳುಗುವಾಗ ಅರಳುತ್ತದೆ, ಮರುದಿನವೇ ಬಾಡುತ್ತದೆ. ಅಷ್ಟರಲ್ಲಿ ಬಾವಲಿ ಬಂದು ಕೆಲಸ ಮುಗಿಸಬೇಕು. ನಾವು ಹೋದದ್ದು ಮಟಮಟ ಮಧ್ಯಾಹ್ನ. ಹಾಗಾಗಿ ಹೂವೂ ಇಲ್ಲ, ಬಾವಲಿಯೂ ಇಲ್ಲ.

ಇನ್ನು ವಯಸ್ಸು. ಇದನ್ನು ಕೇಳಿದರೆ ಒಬ್ಬರು ಎರಡು ಸಾವಿರ ವರ್ಷ ಅನ್ನುತ್ತಾರೆ, ಇನ್ನೊಬ್ಬರು ಐದು ಸಾವಿರ ಅನ್ನುತ್ತಾರೆ. ವಯಸ್ಸು ಏರಿಸಿ ಹೇಳುವ ಚಟ ನಮ್ಮದೊಂದೇ ಅಂದುಕೊಳ್ಳಬೇಡಿ. ಈ ಮರಕ್ಕೆ ಯಾರ ಹೆಸರಿದೆಯೋ ಆ ಫ್ರೆಂಚ್ ವಿಜ್ಞಾನಿ ಮಿಶೆಲ್ ಅಡನ್ಸನ್, 1749ರಲ್ಲಿ ಸೆನೆಗಲ್‌ಗೆ ಹೋದವನು. ಅಲ್ಲಿನ ಮರಗಳ ಮೇಲೆ ಹಳೆಯ ನಾವಿಕರು ಹೆಸರು ಕೆತ್ತಿದ್ದರಂತೆ. ಅದರ ಮೇಲೆ ಲೆಕ್ಕ ಹಾಕಿ ಅವನು ಒಂದು ಮರಕ್ಕೆ 5150 ವರ್ಷ ಅಂದುಬಿಟ್ಟ! ನಮ್ಮ ಸವಣೂರಿನ ಅಜ್ಜನೇ ವಾಸಿ.

ತೊಂದರೆ ಏನೆಂದರೆ ಈ ಮರದ ಉಂಗುರ ಎಣಿಸೋಕೆ ಬರುವುದಿಲ್ಲ. ಉಂಗುರ ಮಸುಕು, ನಡುವೆ ಪೊಳ್ಳು. ಒಂದೇ ಮರದ ಹಾಗೆ ಕಂಡರೂ ಎಷ್ಟೋ ಸಲ ನಾಲ್ಕಾರು ಬೊಡ್ಡೆಗಳು ಕೂಡಿ ಬೆಳೆದಿರುತ್ತವೆ. ಹಾಗಾಗಿ ಚೂರು ಕಟ್ಟಿಗೆ ತೆಗೆದು ಇಂಗಾಲದ ಪರೀಕ್ಷೆ ಮಾಡುತ್ತಾರೆ. ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂತೂರಿನಲ್ಲಿ ಇದೇ ಜಾತಿಯ ಮರ ಒಂದಿದೆ. ಅಲ್ಲಿ ಅದಕ್ಕೆ ಪಾರಿಜಾತ ಅಂತ ಹೆಸರು. ಅದೂ ಮಹಾಭಾರತದ ಕಾಲದ್ದು, ಕುಂತಿಯ ಪೂಜೆಗೆ ಬಂದದ್ದು ಅಂತ ಜನ ನಂಬುತ್ತಾರೆ. ಪರೀಕ್ಷೆಯಲ್ಲಿ ಬಂದದ್ದು ಸುಮಾರು 800 ವರ್ಷ. ನನಗೆ ಕೇಳಿದರೆ 800 ವರ್ಷ ಏನು ಕಡಿಮೆಯೇ? ನಮ್ಮ ಮನೆಯಲ್ಲಿ ಮುತ್ತಜ್ಜನ ಅಪ್ಪನ ಹೆಸರೇ ಯಾರಿಗೂ ನೆನಪಿಲ್ಲ.

ಹಾಗಾದರೆ ಇದು ಬಂದದ್ದು ಹೇಗೆ? ಆಫ್ರಿಕಾದ ಮರಗಳ ಮತ್ತು ನಮ್ಮ ದೇಶದ ಮರಗಳ ಅನುವಂಶೀಯ ಗುಣ ಹೋಲಿಸಿ 2015ರಲ್ಲಿ ಒಂದು ಸಂಶೋಧನೆ ಬಂತು. ಒಂದೇ ಸಲ ಬಂದದ್ದಲ್ಲ, ಆಫ್ರಿಕಾದ ಬೇರೆ ಬೇರೆ ಭಾಗಗಳಿಂದ ಹಲವು ಸಲ ಬಂದಿದೆ, ಜನರ ಜೊತೆ ಬಂದಿದೆ ಅಂತ ಅದರ ಸಾರಾಂಶ. ಈಗ ಈ ಮರ ಇರುವ ಊರುಗಳನ್ನು ಸ್ವಲ್ಪ ನೋಡಿ. ನಮ್ಮ ವಿಜಯಪುರದಲ್ಲಿದೆ. ಗೋಲ್ಕೊಂಡದಲ್ಲಿದೆ. ಮಧ್ಯಪ್ರದೇಶದ ಮಾಂಡುವಿನಲ್ಲಂತೂ ಊರ ತುಂಬ ಇದೆ, ಅದರ ಹಣ್ಣಿಗೆ 'ಮಾಂಡು ಇಮ್ಲಿ' ಅಂತಲೇ ಹೆಸರು. ಎಲ್ಲ ಸುಲ್ತಾನರ ಕೋಟೆಯ ಊರುಗಳು. ಅಂಥ ಆಸ್ಥಾನಗಳಲ್ಲಿ ಹಬ್ಶಿಗಳು ಅಂದರೆ ಆಫ್ರಿಕಾ ಮೂಲದವರು ಸೈನಿಕರಾಗಿದ್ದರು, ಸರದಾರರಾಗಿದ್ದರು, ಮಂತ್ರಿಗಳೂ ಆದರು. ವಿಜಯಪುರದಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲಕ್ಕೆ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಇಖ್ಲಾಸ್ ಖಾನ್ ಹಬ್ಶಿಯೇ. ಅಹಮದ್‌ನಗರದ ಮಲಿಕ್ ಅಂಬರ್ ಮೊಘಲರ ನಿದ್ದೆ ಕೆಡಿಸಿದವನು. ಸವಣೂರಿನ ನವಾಬರೂ ವಿಜಯಪುರದ ಸರದಾರರ ಮನೆತನದವರೇ. ಬೀಜ ಯಾರ ಜೇಬಿನಲ್ಲಿತ್ತೋ ಬಿಡಿ. ಮರ ಬಂದ ದಾರಿ ಮತ್ತು ಮನುಷ್ಯರು ಬಂದ ದಾರಿ ಒಂದೇ ಅನ್ನುವುದು ಮಾತ್ರ ಕಣ್ಣಿಗೆ ಕಾಣುತ್ತದೆ.

ಇನ್ನು ಚಿಕ್ಕ ಹುಣಸೆಗೆ ಬನ್ನಿ, ಅಂದರೆ ನಮ್ಮ ಸಾರಿನ ಹುಣಸೆಗೆ. ಅರಬರು ಅದನ್ನು ತಮರ್ ಹಿಂದಿ ಅಂದರು, ಹಿಂದೂಸ್ತಾನದ ಖರ್ಜೂರ ಅಂತ. ಅದರಿಂದಲೇ ಇಂಗ್ಲಿಷಿನ ಟ್ಯಾಮರಿಂಡ್. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಅದರ ಶಾಸ್ತ್ರೀಯ ಹೆಸರಿಗೆ 'ಇಂಡಿಕಾ', ಅಂದರೆ ಭಾರತದ್ದು, ಅಂತ ಬಾಲ ಹಚ್ಚಿದ. ಇಷ್ಟೆಲ್ಲ ಆದರೂ ಹುಣಸೆಯ ತವರು ಆಫ್ರಿಕಾ! ಸಾವಿರಾರು ವರ್ಷಗಳ ಹಿಂದೆಯೇ ಬಂದು ನಮ್ಮದಾಗಿ ಹೋಗಿದೆ, ಅಷ್ಟೇ. ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಹುಣಸೆ ಇಲ್ಲದೆ ಆಗುತ್ತದೆಯೇ? ಚಿಕ್ಕಂದಿನಲ್ಲಿ ಕಡ್ಡಿಗೆ ಅಂಟಿಸಿ ಚೀಪಿದ ಚಿಗಳಿ? ಹುಣಸೇಮರ ಮುಪ್ಪಾದರೂ ಹುಳಿ ಮುಪ್ಪೇ ಅಂತ ಗಾದೆ ಬೇರೆ ಕಟ್ಟಿದ್ದೇವೆ. ಊರ ಹೊರಗಿನ ಹುಣಸೆ ಮರಕ್ಕೆ ದೆವ್ವ ಕೂಡ ನಮ್ಮೂರದ್ದನ್ನೇ ಕೂರಿಸಿದ್ದೇವೆ.

ಜೋಳ? ಅದೂ ಆಫ್ರಿಕಾದ್ದೇ, ಸುಡಾನ್ ಕಡೆಯದು. ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಅಂದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹುಣಸೆ ಹುಳಿ ಹಾಕಿದ ಎಣಗಾಯಿ. ಇದರಲ್ಲಿ ಬದನೆಕಾಯಿ ಒಂದೇ ನಮ್ಮ ಈ ಕಡೆಯ ಮಣ್ಣಿನದು. ಆದರೆ ಖಾನಾವಳಿಯಲ್ಲಿ ಕೂತು ತಾಟಿನ ಕಡೆ ಬೆರಳು ತೋರಿಸಿ "ಅಸಲ್ ಊರು ಯಾವುದು" ಅಂತ ಯಾರೂ ಕೇಳುವುದಿಲ್ಲ.

ಗೆಳೆಯನನ್ನು ಮಾತ್ರ ಕೇಳುತ್ತಾರೆ. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ, ಅಂಗಡಿಯಲ್ಲಿ, ರೂಮು ಬಾಡಿಗೆಗೆ ಹುಡುಕುವಾಗ. ಹಳಿಯಾಳ, ಯಲ್ಲಾಪುರ, ನಮ್ಮ ಕಲಘಟಗಿ ಸುತ್ತ ಸಿದ್ದಿಗಳು ತಲೆತಲಾಂತರದಿಂದ ಇದ್ದಾರೆ. ಅವರ ಹಿರಿಯರಲ್ಲಿ ಎಷ್ಟೋ ಮಂದಿಯನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಸರ್ಕಾರ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋಗಿದ್ದು 2020ರಲ್ಲಿ, ಆ ಸಮುದಾಯದಿಂದ ಮೊದಲಿಗರು. ಇಷ್ಟು ತಡವಾಗಿ! ಮರಕ್ಕಾದರೆ ನಾವು ಕೃಷ್ಣನನ್ನು ಜಾಮೀನು ಕೊಟ್ಟಿದ್ದೇವೆ. ಅದು ಹೊರಗಿನದು ಅಂತ ಗೊತ್ತು, ಆದರೂ ಕೈಮುಗಿಯಲು ಅಡ್ಡಿಯಿಲ್ಲ. ಮನುಷ್ಯನಿಗೆ ಆ ಜಾಮೀನು ಕೊಡುವವರಿಲ್ಲ.

ಕಥೆಯ ತಾಕತ್ತು ಎಷ್ಟು ಅನ್ನೋದಕ್ಕೆ ಇನ್ನೊಂದು ಮಾತು. 2023ರ ಜುಲೈ ಮಳೆಯಲ್ಲಿ ಆ ಮೂರರಲ್ಲಿ ಒಂದು ಬುಡಸಮೇತ ಉರುಳಿತು. ಊರಿಗೆ ಊರೇ ಮರುಗಿತು. ಕೊಂಬೆ ಕತ್ತರಿಸಿ, ಕ್ರೇನ್ ತರಿಸಿ, ಅದನ್ನು ಮತ್ತೆ ಎತ್ತಿ ನೆಟ್ಟರು. ಆಫ್ರಿಕಾದಲ್ಲೇ ಹಳೆಯ ಬಾವೋಬಾಬ್‌ಗಳು ಸಾಯುತ್ತಿವೆ. 2018ರ ಒಂದು ಅಧ್ಯಯನದ ಪ್ರಕಾರ ಅಲ್ಲಿನ ಅತಿ ಹಳೆಯ 13 ಮರಗಳಲ್ಲಿ 9 ಮರಗಳು 2005ರಿಂದ ಈಚೆಗೆ ಪೂರ್ತಿಯಾಗಿಯೋ ಅರ್ಧಂಬರ್ಧವೋ ಸತ್ತಿವೆ. ಅಂಥದ್ದರಲ್ಲಿ ಸವಣೂರಿನವರು ಬಿದ್ದ ಮರವನ್ನು ಬಿಟ್ಟುಕೊಡಲಿಲ್ಲ, ನನಗೆ ಇದು ನಿಜಕ್ಕೂ ಹೆಮ್ಮೆ. ನಮ್ಮೂರ ದಾರಿಯ ಹುಣಸೆ ಮರಗಳನ್ನು ರಸ್ತೆ ಅಗಲ ಮಾಡಲು ಕಡಿದಾಗ ಬಂದದ್ದು ಗರಗಸ ಮಾತ್ರ. ಅವಕ್ಕೆ ಕೃಷ್ಣ ಇರಲಿಲ್ಲ, ದೆವ್ವ ಇತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು "ಎಲ್ಲಿಗ್ರೀ?" ಅಂದರು. ಆಮೇಲೆ ಗೆಳೆಯನ ಕಡೆ ತಿರುಗಿ "ಆಪ್ ಕೋ ಕಹಾಂ ಜಾನಾ ಹೈ?" ಅಂದರು. ಗೆಳೆಯ ತಣ್ಣಗೆ ಹೇಳಿದ: "ಎರಡು ಹುಬ್ಬಳ್ಳಿ ಕೊಡ್ರೀ. ಅವನಿಗೆ ಕನ್ನಡ ಟಿಕೆಟ್, ನನಗ ಹಿಂದಿ ಟಿಕೆಟ್."

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ನಾಚಿಕೊಂಡು ಟಿಕೆಟ್ ಹರಿದುಕೊಟ್ಟರು. ಜನ ಕಡಿಮೆಯಾದ ಮೇಲೆ ಬಂದು ನಮ್ಮ ಎದುರಿನ ಸೀಟಿನಲ್ಲಿ ಕೂತರು. ಶಿಗ್ಗಾಂವಿ ಬರುವವರೆಗೂ ಅವನ ಹತ್ತಿರ ಹಳಿಯಾಳ ಕಡೆ ಈ ಸಲ ಗೋವಿನಜೋಳದ ರೇಟು ಎಷ್ಟಿದೆ ಅಂತ ವಿಚಾರಿಸುತ್ತಿದ್ದರು.