ಪಕ್ಕದ ಕೋಣೆಯವನು

ಟೀವಿ ಮುಂದೆ ಕೂತಿದ್ದಾನೆ, ಕೈಯಲ್ಲಿ ಫಲಾಫೆಲ್, ಕಡಲೆ ವಡೆಯಂಥ ತಿಂಡಿ. ನಿದ್ದೆ ಹತ್ತಿರಬೇಕು ಅಂದ್ಕೋಬೇಕು, ಹಾಗಿದೆ. ಇಲ್ಲ, ಸತ್ತುಹೋಗಿದ್ದಾನೆ.

ಸಿನಿಮಾದ ಹೆಸರೂ ಅದೇ, ‘ಹಿ ಡೈಡ್ ವಿತ್ ಎ ಫಲಾಫೆಲ್ ಇನ್ ಹಿಸ್ ಹ್ಯಾಂಡ್’. 2001ರ ಆಸ್ಟ್ರೇಲಿಯನ್ ಚಿತ್ರ. ನಿರ್ದೇಶಕ ರಿಚರ್ಡ್ ಲೋವೆನ್‌ಸ್ಟೀನ್. ಜಾನ್ ಬರ್ಮಿಂಗ್‌ಹ್ಯಾಮ್ ತಾವು ಇದ್ದ ಶೇರ್ ಹೌಸ್‌ಗಳ, ಅಂದ್ರೆ ಹಲವರು ಬಾಡಿಗೆ ಹಂಚಿಕೊಂಡು ಇರೋ ಮನೆಗಳ ಬಗ್ಗೆ 1994ರಲ್ಲಿ ಬರೆದ ಪುಸ್ತಕ ಇದಕ್ಕೆ ಮೂಲ. ನೋವಾ ಟೇಲರ್ ಇಲ್ಲಿ ಡ್ಯಾನಿ, ಬರಹಗಾರ ಆಗ್ಬೇಕು ಅಂತ ಆಸೆ ಇಟ್ಕೊಂಡ ಹುಡುಗ. ಬ್ರಿಸ್ಬೇನ್, ಮೆಲ್ಬರ್ನ್, ಸಿಡ್ನಿ ಅಂತ ಮನೆ ಬದಲಾಯಿಸ್ತಾ ಹೋಗ್ತಾನೆ.

ಬ್ರಿಸ್ಬೇನ್ ಮನೆಯವರು ಗಾಲ್ಫ್ ಕೋಲಿಂದ ಕಪ್ಪೆ ಹೊಡೀತಾರೆ. ಕೇನ್ ಟೋಡ್ ಅನ್ನೋ ಕಪ್ಪೆ. ಕಬ್ಬಿನ ಹುಳ ತಿನ್ನಲಿ ಅಂತ 1935ರಲ್ಲಿ ಕ್ವೀನ್ಸ್‌ಲ್ಯಾಂಡ್‌ಗೆ ತಂದು ಬಿಟ್ಟಿದ್ದು. ಹುಳ ಕಮ್ಮಿ ಆಗ್ಲಿಲ್ಲ, ಕಪ್ಪೆಗಳೇ ನಾಡೆಲ್ಲ ತುಂಬಿದ್ವು. ಆ ದೃಶ್ಯ ನನ್ನ ಕೈಲಿ ನೋಡೋಕಾಗ್ಲಿಲ್ಲ, ಮುಖ ತಿರುಗಿಸ್ಕೊಂಡೆ. ಆದ್ರೂ ಕೈಯಲ್ಲಿ ಕೆಲಸ ಇಲ್ಲ, ಕಾಸಿಲ್ಲ ಅನ್ನೋರ ಸಂಜೆ ಹೇಗಿರುತ್ತೆ ಅನ್ನೋದು ಅಲ್ಲಿ ಸರಿಯಾಗಿ ಸಿಕ್ಕಿದೆ.

ಲೋವೆನ್‌ಸ್ಟೀನ್‌ಗೆ ಈ ಬದುಕು ಹೊಸದಲ್ಲ. 1986ರಲ್ಲೇ ‘ಡಾಗ್ಸ್ ಇನ್ ಸ್ಪೇಸ್’ ಮಾಡಿದ್ರು. ಮೆಲ್ಬರ್ನ್‌ನ ರಿಚ್‌ಮಂಡ್‌ನಲ್ಲಿ ಹಿಂದೆ ತಾವೇ ವಾಸ ಇದ್ದ ಮನೆಯಲ್ಲೇ ಅದರ ಚಿತ್ರೀಕರಣ. ಅಲ್ಲೂ ಗಲಾಟೆ, ಪಾರ್ಟಿ, ಕೊನೆಗೆ ಹೆರಾಯಿನ್, ಒಂದು ಸಾವು. ಎರಡೂ ಸಿನಿಮಾ ನೋಡಿದ್ರೆ ಅನ್ಸುತ್ತೆ, ಈ ಮನುಷ್ಯ ಯಾರನ್ನೋ ಕಳ್ಕೊಂಡಿದ್ದಾರೆ ಅಂತ. ಇದು ನನ್ನ ಊಹೆ ಅಷ್ಟೇ.

ಫಲಾಫೆಲ್ ಹಿಡ್ಕೊಂಡು ಸತ್ತವನ ಹೆಸರು ಫ್ಲಿಪ್, ಅವನೂ ಹೆರಾಯಿನ್ ಚಟದವನು. ಅದುವರೆಗೂ ಅವನನ್ನ ನೋಡಿ ನಗ್ತಾ ಇದ್ದೆ. ಅವನಿಗೇನಾಗ್ತಿದೆ ಅಂತ ಒಂದ್ ಸಲಾನೂ ಯೋಚಿಸಿರಲಿಲ್ಲ. ಮನೆಯವರೂ ಯೋಚಿಸಿರಲಿಲ್ಲ.

ನಾನೂ ಆರು ಜನ ಹಂಚಿಕೊಂಡ ಮನೆಯಲ್ಲಿ ಇದ್ದವಳು. ಪಕ್ಕದ ಕೋಣೆಯವನು ಸ್ನಾನಕ್ಕೆ ಎಷ್ಟು ಹೊತ್ತು ತಗೋತಾನೆ, ಫ್ರಿಜ್‌ನಲ್ಲಿ ಯಾರ ಹಾಲಿಗೆ ಕೈ ಹಾಕ್ತಾನೆ, ರಾತ್ರಿ ಎಷ್ಟು ಸಲ ಕೆಮ್ತಾನೆ, ಎಲ್ಲಾ ಗೊತ್ತಿತ್ತು. ಅವನಿಗೆ ಅಪ್ಪ ಅಮ್ಮ ಇದ್ದಾರಾ ಅನ್ನೋದು ಗೊತ್ತಿರಲಿಲ್ಲ. ಅವನು ಮನೆ ಬಿಟ್ಟು ಹೋಗಿ ಮೂರು ದಿನ ಆಗಿತ್ತು. ನಮಗೆ ತಿಳಿದದ್ದು ಬಾಡಿಗೆ ಲೆಕ್ಕ ಹಾಕೋವಾಗ.

ಸಿನಿಮಾ ಮುಗಿದ ರಾತ್ರಿ ಉಳಿದ ನಾಲ್ವರಿಗೂ ಫೋನ್ ಮಾಡಿ ಕೇಳಿದೆ. ಅವನ ನಂಬರ್ ಯಾರ ಹತ್ರಾನೂ ಇಲ್ಲ.