ಏಪ್ರಿಲ್ 12: ಸುದ್ದಿ ಬಂದ ದಿನ

ಕೇಳುಗರೇ, ನಮಸ್ಕಾರ.

2006ನೇ ಇಸವಿ, ಏಪ್ರಿಲ್ 12, ಬುಧವಾರ. ಮಧ್ಯಾಹ್ನ ಊಟ ಮುಗಿಸಿಕೊಂಡು ಬೆಂಗಳೂರಿನ ಗಾಂಧಿ ಬಜಾರ್ ಹತ್ತಿರದ ಒಂದು ಟೈಲರ್ ಅಂಗಡಿಗೆ ಹೋಗಿದ್ದೆ. ಅಂಗಿಗೆ ಅಳತೆ ಕೊಡುತ್ತಿದ್ದೆ. ಭುಜದ ಅಳತೆ ಆಗಿತ್ತು, ತೋಳಿನದು ಆಗಬೇಕಿತ್ತು. ಅಷ್ಟರಲ್ಲಿ ಟೈಲರಿನ ಫೋನು ಬಡಿದುಕೊಂಡಿತು. "ಹೌದಾ... ಯಾವಾಗ?" ಅಂದರು. ಫೋನಿಟ್ಟು, ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಸುಮ್ನೆ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ಅಣ್ಣಾವ್ರು ಹೋಗಿಬಿಟ್ರಂತೆ ಸಾರ್" ಅಂದರು. ನಟ ರಾಜ್‌ಕುಮಾರ್ ತೀರಿಕೊಂಡಿದ್ದರು.

ಬೀದಿಯಲ್ಲಿ ಆಗಲೇ ಶಟರ್ ಎಳೆಯುವ ಸದ್ದು ಶುರುವಾಗಿತ್ತು. ಒಂದಾದ ಮೇಲೆ ಒಂದು. ಹೂವಿನವರು ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದರು. ಬಸ್ಸು ಸಿಗದೆ ನಾನು ಮನೆಗೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಜನ ಗುಂಪುಗುಂಪಾಗಿ ಹೊರಗೆ ನಿಂತಿದ್ದರು. ಗುರುತಿಲ್ಲದವರು ಗುರುತಿಲ್ಲದವರ ಹತ್ತಿರ ಕೇಳುತ್ತಿದ್ದರು, "ನಿಜವಂತಾ?"

ಅವತ್ತಿನಿಂದ ಕ್ಯಾಲೆಂಡರಿನಲ್ಲಿ ಏಪ್ರಿಲ್ 12 ಬಂದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಈ ದಿನ ಬೇರೆ ಎಲ್ಲೆಲ್ಲಿ ಏನೇನಾಗಿದೆ ಅಂತ ಹುಡುಕುವ ಅಭ್ಯಾಸವೂ ಬಂತು. ತಾರೀಕಿಗೆ ಅದರದ್ದೇ ಆದ ಗುಣ ಇರುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ಈ ಘಟನೆಗಳನ್ನು ಓದುತ್ತಾ ಹೋದಾಗ ನನ್ನ ಮನಸ್ಸಿಗೆ ಹಿಡಿಸಿದ್ದು ಒಂದು ವಿಷಯ. ಪ್ರತಿ ಸಲವೂ ಸುದ್ದಿ ಜನರನ್ನು ಮುಟ್ಟಿದ ರೀತಿ. ಇವತ್ತು ಅದನ್ನೇ ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಮೊದಲಿಗೆ 1861ರ ಏಪ್ರಿಲ್ 12. ಅಮೆರಿಕದ ದಕ್ಷಿಣ ಕೆರೊಲಿನಾ, ಚಾರ್ಲ್ಸ್‌ಟನ್ ಬಂದರು. ಬೆಳಗಿನ ಜಾವ ನಾಲ್ಕೂವರೆಗೆ ಫೋರ್ಟ್ ಸಮ್ಟರ್ ಅನ್ನೋ ಕೋಟೆಯ ಮೇಲೆ ತೋಪು ಹಾರಿತು. 34 ಗಂಟೆ ಗುಂಡಿನ ಮಳೆ. ಆಶ್ಚರ್ಯ ಅಂದರೆ ಆ ಕಾಳಗದಲ್ಲಿ ಒಬ್ಬರೂ ಸಾಯಲಿಲ್ಲ. ಆದರೆ ಅಲ್ಲಿ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಹೊತ್ತಿದ ಅಂತರ್ಯುದ್ಧ ನಾಲ್ಕು ವರ್ಷ ಉರಿಯಿತು. ಗುಲಾಮಗಿರಿ ಉಳಿಯಬೇಕೋ ಅಳಿಯಬೇಕೋ ಅನ್ನೋ ಪ್ರಶ್ನೆಗೆ ಆರು ಲಕ್ಷಕ್ಕೂ ಹೆಚ್ಚು ಜನ ಪ್ರಾಣ ತೆತ್ತರು.

ಆಗ ಅಟ್ಲಾಂಟಿಕ್ ದಾಟುವ ತಂತಿ ಇರಲಿಲ್ಲ. ಸುದ್ದಿ ಹಡಗಿನಲ್ಲಿ ಬರಬೇಕು. ನಮ್ಮ ಕಡೆಗೆ ಮುಟ್ಟಲು ವಾರಗಳೇ ಹಿಡಿದವು. ಮುಟ್ಟಿದ್ದಾದರೂ ಹೇಗೆ? ಧಾರವಾಡ, ಗದಗ, ನವಲಗುಂದದ ಎರೆಹೊಲಗಳಿಗೆ ಅದು ಬಂದದ್ದು ಹತ್ತಿಯ ರೇಟಾಗಿ.

ಇಂಗ್ಲೆಂಡಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಂಡಿದ್ದವು. ಯುದ್ಧದಲ್ಲಿ ಬಂದರುಗಳಿಗೆ ದಿಗ್ಬಂಧನ ಬಿತ್ತು. ಹತ್ತಿ ನಿಂತುಹೋಯಿತು. ಧಾರವಾಡದ ಕಡೆ 1840ರ ದಶಕದಿಂದಲೇ ಅಮೆರಿಕದ ಬೀಜ ತಂದು ಬಿತ್ತುತ್ತಿದ್ದರು. "ಧಾರವಾಡ ಅಮೆರಿಕನ್" ಅಂತಲೇ ಆ ತಳಿಗೆ ಹೆಸರು. ಎಳೆ ಉದ್ದ, ಗಿರಣಿಯವರಿಗೆ ಬೇಕಾದಂಥದ್ದು. ಕೇಳಬೇಕೇ! ರೇಟು ಗಗನಕ್ಕೇರಿತು. ಹತ್ತಿ ಅಂಡಿಗೆ ಹೇರಿದ ಚಕ್ಕಡಿಗಳು ಘಟ್ಟ ಇಳಿದು ಸಮುದ್ರ ಸೇರಬೇಕಿತ್ತು. ಈ ವ್ಯಾಪಾರಕ್ಕೆ ಕಾರವಾರದ ಬಂದರು ಬೇಕು ಅಂತ ಮುಂಬಯಿಯ ವರ್ತಕರಿಗೆ ಆಸೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಒಂದೇ ಕೆನರಾ ಎರಡು ಪ್ರಾಂತ್ಯಗಳ ಪಾಲಾಯಿತು. ಚಾರ್ಲ್ಸ್‌ಟನ್ನಿನ ತೋಪಿಗೂ ನಮ್ಮ ಕಾರವಾರಕ್ಕೂ ಇಂಥ ನಂಟು ಇದೆ ಅಂತ ಓದಿದ ದಿನ ನನಗೆ ರಾತ್ರಿ ನಿದ್ದೆಯೇ ಬಂದಿರಲಿಲ್ಲ.

ನಾಲ್ಕು ವರ್ಷ ಕಳೆಯಿತು. ಮತ್ತೆ ಅದೇ ಏಪ್ರಿಲ್ 12, 1865. ವರ್ಜೀನಿಯಾದ ಅಪ್ಪೊಮ್ಯಾಟಾಕ್ಸ್. ಮೂರು ದಿನ ಮೊದಲು ದಕ್ಷಿಣದವರ ಸೇನಾಪತಿ ಜನರಲ್ ಲೀ ಶರಣಾಗಿದ್ದರು. ಅವರ ಕಾಲಾಳುಗಳು ಬಂದೂಕು ಒಪ್ಪಿಸಿದ್ದು ಈ ದಿನ. ಎದುರಾಳಿ ಅಧಿಕಾರಿ ಜೋಶುವಾ ಚೇಂಬರ್‌ಲೇನ್, ಸೋತವರು ಹಾದುಹೋಗುವಾಗ ಅವರಿಗೆ ಗೌರವ ತೋರಿಸುವಂತೆ ತನ್ನ ಸೈನಿಕರಿಗೆ ಹೇಳಿದರು. ಅತ್ತ ಯುದ್ಧ ಮುಗಿದದ್ದೇ ತಡ, ಇತ್ತ ಹತ್ತಿಯ ರೇಟು ಕುಸಿಯಿತು. ಮುಂಬಯಿಯ ಎಷ್ಟೋ ಸಾಹುಕಾರರು ದಿವಾಳಿಯಾದರು.

ಇನ್ನು 1945ಕ್ಕೆ ಬರೋಣ. ಎರಡನೇ ಮಹಾಯುದ್ಧ ಕೊನೆಗೆ ಬಂದಿತ್ತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿದ್ದರು. ಕಲಾವಿದೆಯೊಬ್ಬರು ಅವರ ಚಿತ್ರ ಬರೆಯುತ್ತಿದ್ದರು. ತಲೆಯ ಹಿಂದೆ ಭಾರಿ ನೋವು ಅಂದವರು ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ. ವಯಸ್ಸು 63. ರೇಡಿಯೋ ಮುಂದೆ ಕೂತು, ಮನೆಯ ಹಿರಿಯನ ಹಾಗೆ ದೇಶದ ಜೊತೆ ಮಾತಾಡುತ್ತಿದ್ದ ಮನುಷ್ಯ. ಅವರ ಸಾವಿನ ಸುದ್ದಿಯೂ ಜನರಿಗೆ ಅದೇ ರೇಡಿಯೋದಲ್ಲಿ ಬಂತು.

ಅವರು ವಾರ್ಮ್ ಸ್ಪ್ರಿಂಗ್ಸ್‌ಗೆ ಹೋಗುತ್ತಿದ್ದದ್ದು ಯಾಕೆ ಗೊತ್ತಾ? 1921ರಲ್ಲಿ, 39ನೇ ವಯಸ್ಸಿನಲ್ಲಿ ಅವರ ಕಾಲುಗಳು ಸ್ವಾಧೀನ ತಪ್ಪಿದ್ದವು. ಪೋಲಿಯೋ. ಅಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಈಜಿದರೆ ಕಾಲಿಗೆ ಶಕ್ತಿ ಬರಬಹುದು ಅನ್ನೋ ಆಸೆ. 1938ರಲ್ಲಿ ಪೋಲಿಯೋ ವಿರುದ್ಧ ಅವರೇ ಒಂದು ಸಂಸ್ಥೆ ಕಟ್ಟಿದರು. ಜನ ಶ್ವೇತಭವನಕ್ಕೆ ಹತ್ತು ಸೆಂಟಿನ ನಾಣ್ಯ ಕಳಿಸಿದರು. ಮಕ್ಕಳು ಕೂಡ ಕಳಿಸಿದರು. ಲಕೋಟೆಯಲ್ಲಿ ಒಂದೊಂದು ನಾಣ್ಯ, ಲಕ್ಷಗಟ್ಟಲೆ ಲಕೋಟೆ! ಆ ಕಾಸು ಹೋದದ್ದು ಸಂಶೋಧನೆಗೆ.

ರೂಸ್‌ವೆಲ್ಟ್ ತೀರಿಕೊಂಡು ಸರಿಯಾಗಿ ಹತ್ತು ವರ್ಷ. 1955ರ ಏಪ್ರಿಲ್ 12. ಮಿಷಿಗನ್ ವಿಶ್ವವಿದ್ಯಾಲಯದ ಸಭಾಂಗಣ. ಡಾಕ್ಟರ್ ಥಾಮಸ್ ಫ್ರಾನ್ಸಿಸ್ ಒಂದು ವರದಿ ಓದಬೇಕಿತ್ತು. ಜೋನಸ್ ಸಾಕ್ ತಯಾರಿಸಿದ ಪೋಲಿಯೋ ಲಸಿಕೆಯ ಪರೀಕ್ಷೆಯ ವರದಿ ಅದು. ಆ ಪರೀಕ್ಷೆಯಲ್ಲಿ ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡಿದ್ದರು.

ಆ ದಿನದ ಕಾತರ ಅರ್ಥವಾಗಬೇಕಾದರೆ ಅಲ್ಲಿನ ಬೇಸಿಗೆ ಹೇಗಿತ್ತು ಅಂತ ತಿಳಿಯಬೇಕು. ಬೇಸಿಗೆ ಬಂದರೆ ತಾಯಂದಿರಿಗೆ ಭಯ. ಮಕ್ಕಳನ್ನು ಈಜುಕೊಳಕ್ಕೆ ಬಿಡರು, ಸಿನಿಮಾಕ್ಕೆ ಬಿಡರು. ರಾತ್ರಿ ಜ್ವರ ಬಂದ ಮಗುವಿಗೆ ಬೆಳಗ್ಗೆ ಏಳಲು ಕಾಲಲ್ಲಿ ಶಕ್ತಿಯೇ ಇರುತ್ತಿರಲಿಲ್ಲ. ಕೆಲವು ಮಕ್ಕಳಿಗೆ ಉಸಿರಾಡಲೂ ಆಗದೆ ಪೀಪಾಯಿಯಂಥ ಕಬ್ಬಿಣದ ಯಂತ್ರದೊಳಗೆ ಮಲಗಿಸುತ್ತಿದ್ದರು. ತಲೆ ಮಾತ್ರ ಹೊರಗೆ. 1952 ಒಂದೇ ವರ್ಷದಲ್ಲಿ ಆ ದೇಶದಲ್ಲಿ 57 ಸಾವಿರಕ್ಕೂ ಹೆಚ್ಚು ಜನರಿಗೆ ಪೋಲಿಯೋ ತಗುಲಿತ್ತು.

ವರದಿಯ ಪ್ರತಿ ಕೈಗೆ ಸಿಕ್ಕಿದ್ದೇ ತಡ, ಪತ್ರಕರ್ತರು ಮುಗಿಬಿದ್ದರು. ಕೆಲಸ ಮಾಡುತ್ತೆ, ಲಸಿಕೆ ಕೆಲಸ ಮಾಡುತ್ತೆ ಅಂತ ಕೂಗು ಎದ್ದಿತು. ಅಂಗಡಿಗಳ ಧ್ವನಿವರ್ಧಕದಲ್ಲಿ ಸುದ್ದಿ ಹೇಳಿದರು. ಚರ್ಚುಗಳಲ್ಲಿ ಗಂಟೆ ಬಾರಿಸಿದರು. ಬೀದಿಯಲ್ಲಿ ಅಪ್ಪ ಅಮ್ಮಂದಿರು ಅತ್ತರು. ಯುದ್ಧ ಗೆದ್ದಾಗ ಗಂಟೆ ಬಾರಿಸುವುದನ್ನು ಕೇಳಿದ್ದೇವೆ. ಒಂದು ಸೂಜಿಮದ್ದಿಗಾಗಿ ಗಂಟೆ ಬಾರಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಅದೇ ದಿನ ಟಿವಿಯಲ್ಲಿ ಸಾಕ್ ಅವರನ್ನು ಕೇಳಿದರು, ಈ ಲಸಿಕೆಯ ಪೇಟೆಂಟ್ ಯಾರದ್ದು ಅಂತ. ಜನರದ್ದು ಅನ್ನಬಹುದು, ಪೇಟೆಂಟ್ ಇಲ್ಲ, ಸೂರ್ಯನಿಗೆ ಪೇಟೆಂಟ್ ಮಾಡಿಸಲು ಆಗುತ್ತದೆಯೇ ಅಂದರು. ಕೆಲವೇ ದಿನಗಳಲ್ಲಿ ದೊಡ್ಡ ಅನಾಹುತವೂ ಆಯಿತು. ಒಂದು ಕಂಪನಿ ತಯಾರಿಸಿದ ಲಸಿಕೆಯಲ್ಲಿ ವೈರಾಣು ಪೂರ್ತಿ ಸತ್ತಿರಲಿಲ್ಲ. ಮಕ್ಕಳ ಕಾಲುಗಳು ಸ್ವಾಧೀನ ತಪ್ಪಿದವು, ಹತ್ತು ಜೀವ ಹೋಯಿತು. ಲಸಿಕೆಯ ತಯಾರಿಕೆಗೆ ಬಿಗಿಯಾದ ತಪಾಸಣೆ ಬಂದದ್ದು ಆ ನೋವಿನಿಂದ.

ನಮ್ಮಲ್ಲಿ ಬಾಯಿಗೆ ಹಾಕುವ ಎರಡು ಹನಿ ಬಂತು, ಅಲ್ವಾ? ಭಾನುವಾರ ಬೆಳಗ್ಗೆ ಶಾಲೆಯ ಮುಂದೆ ಶಾಮಿಯಾನ, ಐಸ್ ತುಂಬಿದ ನೀಲಿ ಡಬ್ಬ, ಹನಿ ಹಾಕಿ ಮಗುವಿನ ಎಡಗೈ ಕಿರುಬೆರಳಿಗೆ ಮಸಿ ಹಚ್ಚುವ ಅಂಗನವಾಡಿ ಅಕ್ಕ. ಭಾರತದಲ್ಲಿ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶವನ್ನು ಪೋಲಿಯೋಮುಕ್ತ ಅಂತ ಘೋಷಿಸಿದರು.

ಸಾಕ್ ಲಸಿಕೆಯ ವರದಿ ಬಂದು ಆರು ವರ್ಷ ಕಳೆದು, 1961ರ ಏಪ್ರಿಲ್ 12. ಸೋವಿಯತ್ ಒಕ್ಕೂಟದ ಬೈಕನೂರು. ಬಡಗಿಯೊಬ್ಬರ ಮಗ, 27 ವರ್ಷದ ಯೂರಿ ಗಗಾರಿನ್ ವೋಸ್ಟಾಕ್ ನೌಕೆಯಲ್ಲಿ ಕೂತಿದ್ದರು. ಬಾಗಿಲು ಸರಿಯಾಗಿ ಮುಚ್ಚಿದೆ ಅಂತ ದೀಪ ತೋರಿಸಲಿಲ್ಲ. ಬೋಲ್ಟುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದರು. ಅಷ್ಟು ಹೊತ್ತೂ ಗಗಾರಿನ್ ಒಳಗೆ ಕಾಯುತ್ತಿದ್ದರು. ಮಾಸ್ಕೋ ಸಮಯ 9 ಗಂಟೆ 7 ನಿಮಿಷಕ್ಕೆ, ಮೊದಲ ಬಾರಿಗೆ ಮನುಷ್ಯನೊಬ್ಬನನ್ನು ಬಾಹ್ಯಾಕಾಶಕ್ಕೆ ಹೊತ್ತು ರಾಕೆಟ್ ಎದ್ದಿತು. "ಪೊಯೆಖಲಿ!" ಅಂದರು. ನಮ್ಮ ಮಾತಿನಲ್ಲಿ, "ಹೊರಟ್ವಿ!"

ರೇಡಿಯೋದಲ್ಲಿ ಈ ಸುದ್ದಿ ಓದಿದವರು ಯೂರಿ ಲೆವಿಟಾನ್. 1941ರಲ್ಲಿ ಜರ್ಮನಿ ದಾಳಿ ಮಾಡಿದ್ದನ್ನೂ, 1945ರಲ್ಲಿ ಗೆದ್ದದ್ದನ್ನೂ ಆ ಜನ ಕೇಳಿದ್ದು ಇದೇ ದನಿಯಲ್ಲಿ. ಅವರು ಓದುವಾಗ ಗಗಾರಿನ್ ಇನ್ನೂ ಮೇಲೇ ಇದ್ದರು. ಇಳಿದದ್ದು ಸರಾತೊವ್ ಪ್ರಾಂತ್ಯದ ಒಂದು ಹೊಲದ ಹತ್ತಿರ, ಪ್ಯಾರಾಚೂಟಿನಲ್ಲಿ. ಅಲ್ಲಿ ಅನ್ನಾ ತಖ್ತರೋವಾ ಅನ್ನೋ ಹೆಂಗಸು ಪುಟ್ಟ ಮೊಮ್ಮಗಳ ಜೊತೆ ಆಲೂಗಡ್ಡೆ ಹೊಲದಲ್ಲಿದ್ದರು. ಕಿತ್ತಳೆ ಬಣ್ಣದ ಉಡುಪು, ಬಿಳಿ ಹೆಲ್ಮೆಟ್ಟು ಕಂಡು ಇಬ್ಬರೂ ಹೆದರಿದರು. ಹೆದರಬೇಡಿ, ನಾನೂ ನಿಮ್ಮವನೇ ಅಂತ ಗಗಾರಿನ್ ಸಮಾಧಾನ ಮಾಡಿದರು. ಅಷ್ಟರಲ್ಲಿ ಟ್ರ್ಯಾಕ್ಟರಿನವರು ಅವರ ಹೆಸರು ಕೂಗುತ್ತಾ ಓಡಿಬಂದರು. ರೇಡಿಯೋದಲ್ಲಿ ಕೇಳಿದ್ದರು! ಮನುಷ್ಯ ನೆಲ ಮುಟ್ಟುವ ಮೊದಲೇ ಅವನ ಸುದ್ದಿ ಹೊಲ ಮುಟ್ಟಿತ್ತು. ರೇಡಿಯೋ ಕೆಲಸ ಮಾಡುವ ನನಗೆ ಇದಕ್ಕಿಂತ ಖುಷಿ ಕೊಡುವ ಕತೆ ಇಲ್ಲ.

ಇಪ್ಪತ್ತು ವರ್ಷದ ಮೇಲೆ, 1981ರಲ್ಲಿ, ಅಮೆರಿಕದ ಮೊದಲ ಬಾಹ್ಯಾಕಾಶ ಶಟಲ್ 'ಕೊಲಂಬಿಯಾ' ಹಾರಿದ್ದೂ ಏಪ್ರಿಲ್ 12ರಂದೇ. ಅದು ಹೊರಡಬೇಕಿದ್ದದ್ದು 10ನೇ ತಾರೀಕು. ಕಂಪ್ಯೂಟರ್ ತೊಂದರೆಯಿಂದ ಎರಡು ದಿನ ತಡವಾಯಿತು, ಅಷ್ಟೇ.

ಗಗಾರಿನ್ ಹೊರಟು ಇಳಿಯುವವರೆಗೆ ಹಿಡಿದದ್ದು 108 ನಿಮಿಷ. 2000ನೇ ಇಸವಿಯಲ್ಲಿ ಗಾಜನೂರಿನಿಂದ ಅಪಹರಣವಾದ ರಾಜ್‌ಕುಮಾರ್ ಕಾಡಿನಲ್ಲಿ ಕಳೆದದ್ದು 108 ದಿನ. ಬರೀ ಕಾಕತಾಳೀಯ, ಗೊತ್ತು. ಆದರೂ ಆ 108 ದಿನ ನಾವು ಸಂಜೆಯ ವಾರ್ತೆಗೆ ಹೇಗೆ ಕಿವಿಗೊಟ್ಟು ಕೂರುತ್ತಿದ್ದೆವು ಅನ್ನೋದು ನಿಮಗೆಲ್ಲ ನೆನಪಿರುತ್ತದೆ.

2006ರಲ್ಲಿ ಅವರ 77ನೇ ಹುಟ್ಟುಹಬ್ಬಕ್ಕೆ ಇನ್ನು ಹನ್ನೆರಡೇ ದಿನ ಇತ್ತು. ಮಾರನೆಯ ದಿನ ಕಂಠೀರವ ಸ್ಟುಡಿಯೋದಲ್ಲಿ ಮಣ್ಣು ಮಾಡಿದರು. ಅವತ್ತು ಊರಿನಲ್ಲಿ ನಡೆದ ಗಲಭೆಯಲ್ಲಿ ಜೀವಗಳು ಹೋದವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ ಅಷ್ಟರೊಳಗೆ ಅವರ ಮನೆಯವರು ಇನ್ನೊಂದು ಕೆಲಸ ಮಾಡಿ ಮುಗಿಸಿದ್ದರು. ಅಣ್ಣಾವ್ರ ಇಷ್ಟದಂತೆ ಅವರ ಕಣ್ಣುಗಳನ್ನು ದಾನ ಮಾಡಿದ್ದರು. 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಶಿವನಿಗೆ ಕಣ್ಣು ಕಿತ್ತುಕೊಟ್ಟು ನಾಯಕನಾದವರು ಅವರು.

ವಾರ ಕಳೆದು ಅಂಗಿ ತರಲು ಹೋದೆ. ಅಳತೆ ಚೀಟಿಯಲ್ಲಿ ಭುಜ ಇತ್ತು, ತೋಳು ಇರಲಿಲ್ಲ. ಮೇಲೆ 12-4-06 ಅಂತ ಬರೆದಿತ್ತು. ಟೈಲರ್ ತೋಳಿನ ಅಳತೆ ತೆಗೆದುಕೊಂಡರು. ಆಮೇಲೆ ಡ್ರಾಯರಿನಿಂದ ಮಡಿಸಿದ ಕಾಗದ ತೆಗೆದು ನನ್ನ ಮುಂದಿಟ್ಟರು. ನೇತ್ರದಾನದ ಅರ್ಜಿ. ಹೆಸರು, ವಯಸ್ಸು, ವಿಳಾಸ ಎಲ್ಲ ತುಂಬಿಸಿದ್ದರು.

"ಸಾಕ್ಷಿಗೆ ಒಂದು ಸೈನ್ ಬೇಕು ಸಾರ್" ಅಂದರು.

ಹಾಕಿಕೊಟ್ಟೆ.

ನಮಸ್ಕಾರ.